ಸೀಮೋರ್ ದ್ವೀಪದ ಶ್ವೇತವಿಹಂಗಗಳು

ಕೆನಡಾ ದೇಶದ ದೂರದ ಉತ್ತರದಲ್ಲಿ, ನುನಾವುಟ್ ಪ್ರದೇಶಕ್ಕೆ ಸೇರಿದ ಬ್ಯಾಥರ್ಸ್ಟ್ ದ್ವೀಪದಿಂದ ಸುಮಾರು 30 ಕಿಲೋಮೀಟರು ಉತ್ತರಕ್ಕೆ, ಸೀಮೋರ್ ಎಂಬ ಕಿರುದ್ವೀಪವೊಂದುಂಟು. ಅಲ್ಲಿ ಮರವಿಲ್ಲ, ಮನುಷ್ಯವಸತಿಯಿಲ್ಲ; ಇರುವುದೆಲ್ಲ ಜಲ್ಲಿಕಲ್ಲಿನ ತಗ್ಗು ದಿಬ್ಬಗಳು, ಅಲ್ಲಲ್ಲಿ ಹಬ್ಬಿದ ಪಾಚಿ, ಮತ್ತು ವರ್ಷದ ಬಹುಭಾಗ ಹೆಪ್ಪುಗಟ್ಟಿ ನಿಲ್ಲುವ ಸಮುದ್ರ. ಇಂತಹ ನೆಲವನ್ನೇ ತನ್ನ ಸೂತಿಕಾಗೃಹವನ್ನಾಗಿ ಆರಿಸಿಕೊಂಡಿದೆ, ಐವರಿ ಗಲ್ ಎಂಬ ಅಪೂರ್ವ ಕಡಲಹಕ್ಕಿ.

ಪ್ರಾಯಕ್ಕೆ ಬಂದ ಹಕ್ಕಿಯ ಮೈಯೆಲ್ಲ ನಿಷ್ಕಳಂಕವಾದ ಬಿಳುಪು. ಕಾಲು ಮಾತ್ರ ಕಪ್ಪು, ಬೂದುಬಣ್ಣದ ಕೊಕ್ಕಿಗೆ ಹಳದಿಯ ತುದಿ. ಬೇಸಗೆಯಲ್ಲಿ ಅದು ಪಾಚಿಯನ್ನೂ ಗರಿಗಳನ್ನೂ ಕೂಡಿಸಿ ನೆಲದ ಮೇಲೆಯೇ ಗೂಡು ಕಟ್ಟಿ, ಒಂದರಿಂದ ಮೂರು ಮೊಟ್ಟೆಗಳನ್ನಿಟ್ಟು, ಹಿಮದ ಬಿರುಕುಗಳಲ್ಲಿ ಮೀನು ಹಿಡಿದೂ ಹಿಮಕರಡಿ ತಿಂದುಳಿಸಿದ ಸೀಲಿನ ಮಾಂಸವನ್ನು ಹೆಕ್ಕಿಯೂ ಮರಿಗಳನ್ನು ಸಲಹುತ್ತದೆ. ನೆಲದ ಗೂಡಿಗೆ ಧ್ರುವನರಿಯೇ ಪರಮಶತ್ರುವಾದಕಾರಣ, ನರಿ ಅಪರೂಪವಾಗಿ ಸುಳಿಯುವ ಇಂತಹ ದ್ವೀಪಗಳನ್ನೂ, ಎಲ್ಸ್ಮಿಯರ್ ದ್ವೀಪದ ಹಿಮರಾಶಿಯ ನಡುವೆ ತಲೆಯೆತ್ತಿರುವ ಬಂಡೆಶಿಖರಗಳನ್ನೂ ಅದು ಅರಸಿ ಹೋಗುತ್ತದೆ.

1975ರಲ್ಲಿ ಕೆನಡಾ ಸರ್ಕಾರ ಸೀಮೋರ್ ದ್ವೀಪವನ್ನು ವಲಸೆಹಕ್ಕಿಗಳ ಅಭಯಧಾಮವೆಂದು ಸಾರಿತು. ಆದರೂ ಹಕ್ಕಿಗಳು ವಿರಳವಾಗತೊಡಗಿದವು. ಹೀಗೆಂದು ಆ ಉತ್ತರ ಸೀಮೆಯಲ್ಲಿ ಹುಟ್ಟಿ ಬೆಳೆದ ಇನ್ಯುಯಿಟ್ ಜನರು ಹೇಳಿದ ಮಾತನ್ನು ಅನುಸರಿಸಿ, 2002ರಿಂದ ಮೊದಲುಗೊಂಡು ವಿಜ್ಞಾನಿಗಳು ಹಳೆಯ ಗೂಡುನೆಲೆಗಳನ್ನು ಆಕಾಶಮಾರ್ಗದಿಂದ ಸಮೀಕ್ಷಿಸಲಾಗಿ, 1980ರ ದಶಕದಲ್ಲಿದ್ದ ಸಂಖ್ಯೆಯಲ್ಲಿ ಸುಮಾರು ಶೇಕಡ 80 ಭಾಗ ಕ್ಷೀಣಿಸಿದ್ದುದು ದೃಢಪಟ್ಟಿತು. 2006ರಲ್ಲಿ ಕೆನಡಾದ ತಜ್ಞಸಮಿತಿ ಈ ಹಕ್ಕಿಯನ್ನು ಅಳಿವಿನ ಅಪಾಯಕ್ಕೆ ಸಿಲುಕಿದ ಜೀವಿಗಳ ಪಂಕ್ತಿಗೆ ಸೇರಿಸಿತು.

ಕ್ಷಯದ ಕಾರಣ ಒಂದೇ ಅಲ್ಲ. ಹಕ್ಕಿಯ ಜೀವನಕ್ಕೆ ಆಧಾರವಾದ ಸಮುದ್ರಹಿಮ ಭೂತಾಪದಿಂದ ಕರಗುತ್ತಿದೆ. ಇದಕ್ಕಿಂತಲೂ ನಿಗೂಢವಾದುದು ಪಾದರಸ. ಕಲ್ಲಿದ್ದಲ ಹೊಗೆಯೊಡನೆ ಮೇಲೇರಿ, ಗಾಳಿಯಲ್ಲಿ ಖಂಡಖಂಡಗಳನ್ನು ದಾಟಿ, ನೀರಿಗಿಳಿದು, ಕಿರುಜೀವಿಯಿಂದ ಮೀನಿಗೂ ಮೀನಿನಿಂದ ಸೀಲಿಗೂ ಸಾಗುತ್ತ ಸಾಂದ್ರಗೊಳ್ಳುವ ಈ ವಿಷ ಕಡೆಗೆ ಹಕ್ಕಿಯ ಮೊಟ್ಟೆಯನ್ನು ಸೇರುತ್ತದೆ. ಸೀಮೋರ್ ದ್ವೀಪದಲ್ಲಿ ಸಂಗ್ರಹಿಸಿದ ಮೊಟ್ಟೆಗಳಲ್ಲಿ ಆರ್ಕ್ಟಿಕ್ ಕಡಲಹಕ್ಕಿಗಳಲ್ಲೇ ಅತ್ಯಧಿಕ ಪ್ರಮಾಣದ ಪಾದರಸ ಕಂಡುಬಂದಿದೆ.

ನರಿಯಿಂದ ಕಾಯ್ದ ದೂರ ನಮ್ಮ ಹೊಗೆಯಿಂದ ಕಾಯಲಾರದು. ಅಂತೆಯೇ ನಕ್ಷೆಯ ಮೇಲೆ ಗೆರೆಯೆಳೆದ ಮಾತ್ರಕ್ಕೆ ಅಭಯಧಾಮ ಪೂರ್ಣವಾಗದು. ಪಾದರಸವನ್ನು ನಿಯಂತ್ರಿಸಲು 2013ರಲ್ಲಿ ಅಂಗೀಕೃತವಾದ ಮಿನಮಾಟ ಒಪ್ಪಂದವನ್ನು 2018ರಲ್ಲಿ ಭಾರತವೂ ಅನುಮೋದಿಸಿದೆ. ಆ ವಚನವನ್ನು ನಿಷ್ಠೆಯಿಂದ ಪಾಲಿಸುವುದು ನಮ್ಮ ಜನರ ಆರೋಗ್ಯಕ್ಕೆ ಎಷ್ಟು ಅವಶ್ಯವೋ, ನಾವು ಎಂದೂ ಕಾಣಲಾರದ ಆ ಹಕ್ಕಿಯ ಸಂತತಿಗೂ ಅಷ್ಟೇ ಅವಶ್ಯ.