ಎರಡನೇ ಸುತ್ತಿನ ಬೆಲೆ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಬೇಕೆಂದರೆ ತಿಂಡಿಯ ಹೊತ್ತಿಗೆ ಮೊದಲೇ ಹೋಗಬೇಕು. ರಾತ್ರಿಯೇ ಊರು ಬಿಟ್ಟ ಟೆಂಪೊಗಳು ಅಷ್ಟರಲ್ಲಿ ಮೂಟೆ ಇಳಿಸಿರುತ್ತವೆ. ಮೂಟೆಯ ಬಾಯಿ ಬಿಚ್ಚಿ, ಜಾಲರಿ ತಟ್ಟೆಗಳಿಗೆ ಗೂಡು ಸುರಿದು, ಅಂಗೈಯಲ್ಲಿ ಹರವುತ್ತ ನಿಂತವರೆಲ್ಲ ಕನಕಪುರ, ಮಾಗಡಿಯವರೇ ಅಲ್ಲ. ಚಾಮರಾಜನಗರದ ಕಡೆಯವರಿದ್ದಾರೆ, ಚಿತ್ರದುರ್ಗದವರಿದ್ದಾರೆ. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಎಂಬ ಹೆಮ್ಮೆ ಊರಿಗಿದೆ. ಅದನ್ನು ಮೊದಲು ಹೇಳಿದವನು ಟೀ ಅಂಗಡಿಯವನು, ನಾನು ಕೇಳದೆಯೇ.

ಕೆಲವು ತಟ್ಟೆಗಳಲ್ಲಿ ಹಳದಿ ಗೂಡು, ಕೆಲವದರಲ್ಲಿ ಬಿಳಿ. ಹಳದಿಯದು ಮಿಶ್ರತಳಿ, ಇಲ್ಲಿಯವರಿಗೆ ಬರೀ ಸಿ.ಬಿ. ಬಿಳಿಯದು ಬೈವೋಲ್ಟೀನ್. ಬಿಳಿ ಗೂಡೊಂದನ್ನು ಬಿಚ್ಚಿದರೆ ಸುಮಾರು 1,000 ಮೀಟರ್ ಎಳೆ ಸಿಗುತ್ತದೆ, ಹಳದಿಯಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಹಾಗಾಗಿ ಬೆಲೆಯೂ ಬೇರೆ, ಕೊಳ್ಳುವವರ ಲೆಕ್ಕವೂ ಬೇರೆ. ಸೀರೆಯ ಹಾಸು ಎಳೆಗೆ ಬಿಳಿಯ ಗಟ್ಟಿ ನೂಲು ಬೇಕು, ಹೊಕ್ಕು ಎಳೆಗೆ ಸಿ.ಬಿ. ನಡೆಯುತ್ತದೆ.

ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳು ಒಬ್ಬೊಬ್ಬರೇ ಬರತೊಡಗಿದರು. ಬೊಗಸೆ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಕೋಶ ಗಟ್ಟಿಯಾಗಿದ್ದರೆ ಗಲಗಲ ಎನ್ನುತ್ತದೆ, ಹುಳು ಒಳಗೇ ಸತ್ತು ಕರಗಿದ್ದರೆ ಸದ್ದಿಲ್ಲ. ಹೆಬ್ಬೆರಳಿನಲ್ಲಿ ಒತ್ತಿ ಬಿಗುವು ನೋಡುತ್ತಾರೆ. ಊಜಿ ನೊಣ ಕೊರೆದ ತೂತಿದೆಯೋ ಎಂದು ಹುಡುಕುತ್ತಾರೆ. ಈ ನೊಣ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ಅಂದಿನಿಂದ ಹುಳು ಮನೆಯ ಕಿಟಕಿಗೆ ಸೊಳ್ಳೆಪರದೆ ಹಾಕದ ಬೆಳೆಗಾರ ಸಿಗುವುದಿಲ್ಲ.

ಕಿವಿಯ ಪರೀಕ್ಷೆ ಮುಗಿದ ಮೇಲೆ ಕೂಗಾಟ ಶುರುವಾಗುತ್ತದೆ ಎಂದುಕೊಂಡು ಕಾದರೆ ಯಾರೂ ಬಾಯಿ ತೆರೆಯುವುದಿಲ್ಲ. ಎಲ್ಲರೂ ತಲೆ ತಗ್ಗಿಸಿ ಮೊಬೈಲ್ ಒತ್ತುತ್ತಿದ್ದಾರೆ. ಲಾಟಿನ ನಂಬರ್ ಹಾಕಿ, ದರ ಹಾಕಿ, ಮುಂದಿನ ತಟ್ಟೆಗೆ ಹೋಗುವುದು. ಹಿಂದೆ ಇಲ್ಲಿ ಬಾಯಿ ಹರಾಜು ನಡೆಯುತ್ತಿತ್ತು. ಯಾರ ಗಂಟಲು ದೊಡ್ಡದು, ಯಾರು ಯಾರಿಗೆ ಬೇಕಾದವರು ಎಂಬುದೂ ದರದಲ್ಲಿ ಸೇರಿಕೊಳ್ಳುತ್ತಿತ್ತಂತೆ. ಈಗ ಇ-ಹರಾಜು, ಹಣ ನೇರ ಬ್ಯಾಂಕ್ ಖಾತೆಗೆ. ಹಳೆಯ ಗದ್ದಲದಲ್ಲಿ ಸೊಗಸಿತ್ತು ಎಂದು ಬರೆಯುವುದು ನನ್ನಂಥವರಿಗೆ ಸುಲಭ. ಗೂಡು ಕೊಟ್ಟು ದುಡ್ಡಿಗೆ ಅಲೆದವರನ್ನು ಕೇಳಿದರೆ ಆ ಸೊಗಸು ಬೇಡ ಎನ್ನುತ್ತಾರೆ. 'ಮೊದ್ಲು ನಾಳೆ ಬಾ ಅನ್ನೋರು. ಈಗ ಮೆಸೇಜ್ ಬತ್ತದೆ' ಎಂದರು ಮಾಗಡಿ ಕಡೆಯ ಹಿರಿಯರೊಬ್ಬರು. ಮೆಸೇಜನ್ನು ಓದಿ ಹೇಳುವುದು ಮಗನ ಕೆಲಸ.

ದರ ಕಾಣಿಸುತ್ತದೆ, ನಿಜ. ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕೂ ಬೆಳೆಗಾರನಿಗಿದೆ. ಎರಡನೇ ಸುತ್ತಿಗೆ ಕಾಯಬಹುದು. ಕಾಯುವ ಶಕ್ತಿ ಇಲ್ಲದ್ದು ಗೂಡಿಗೆ. ಹಣ್ಣಾದ ಹುಳು ಚಂದ್ರಿಕೆ ಎಂಬ ತಟ್ಟಿ ಹತ್ತಿ ಗೂಡು ಕಟ್ಟಿದ ಮೇಲೆ ಹತ್ತು–ಹನ್ನೆರಡು ದಿನಕ್ಕೆ ಚಿಟ್ಟೆ ಹೊರಗೆ ಬರುತ್ತದೆ. ಚಿಟ್ಟೆ ಹೊರಬಿದ್ದ ಗೂಡಿನಿಂದ ಅಖಂಡ ಎಳೆ ತೆಗೆಯಲಾಗದು. ಅಲ್ಲಿಯವರೆಗೂ ಒಳಗಿನ ಜೀವ ಒಣಗುತ್ತ, ತೂಕ ಇಳಿಯುತ್ತಲೇ ಇರುತ್ತದೆ. ಭತ್ತದಂತೆ ಕಣಜಕ್ಕೆ ಹಾಕಿ ಕೂರುವ ಮಾಲಲ್ಲ ಇದು. ಸಂಜೆಯೊಳಗೆ ಮಾರಲೇಬೇಕೆಂಬುದು ತಟ್ಟೆಯ ಆಚೆ ನಿಂತವನಿಗೂ ಗೊತ್ತು. ತಂತ್ರಜ್ಞಾನ ಈ ಮಾರುಕಟ್ಟೆಯಲ್ಲಿ ಎಷ್ಟೋ ಮೋಸ ತಪ್ಪಿಸಿದೆ. ಈ ಅವಸರವನ್ನು ಮಾತ್ರ ಅದು ಮುಟ್ಟಿಲ್ಲ.

ಹಾಗೆಂದು ರೀಲರ್ ಎಂದರೆ ಸಾಹುಕಾರ ಎಂದುಕೊಳ್ಳಬೇಡಿ. ಮಾರುಕಟ್ಟೆಯಿಂದ ಹೊರಬಿದ್ದು, ನೂಲು ಬಿಚ್ಚುವ ಮನೆಗಳಿರುವ ಗಲ್ಲಿಗಳಿಗೆ ಹೋದರೆ ಮೂಗೇ ದಾರಿ ತೋರಿಸುತ್ತದೆ. ಬೇಯುವ ಗೂಡಿನ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಜಗ್ಗದು. ಒಳಗೆ ಹಬೆ, ಅರೆಗತ್ತಲು, ತಿರುಗುವ ರಾಟೆಗಳ ಸದ್ದು. ಹೆಂಗಸರು ಬಿಸಿನೀರಿಗೆ ಕೈ ಹಾಕಿ, ಕಣ್ಣಿಗೆ ಕಾಣದಂಥ ಎಳೆಯ ತುದಿ ಹುಡುಕಿ, ಮೇಲಿನ ಎಳೆಗೆ ಸೇರಿಸುತ್ತಾರೆ. ಅವರ ಬೆರಳ ತುದಿಗಳು ಬಿಳಿಚಿಕೊಂಡಿವೆ. ಇಷ್ಟು ಮಾಡಿ ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಉಳಿದ ಕೋಶವೂ ವ್ಯರ್ಥವಲ್ಲ. ಎಣ್ಣೆಗೆ, ಕೋಳಿ ಮತ್ತು ಮೀನಿನ ಆಹಾರಕ್ಕೆ ಹೋಗುತ್ತದೆ.

ಚಿಕ್ಕ ಘಟಕದ ಮಾಲೀಕರೊಬ್ಬರು ಉರ್ದು ಬೆರೆತ ಕನ್ನಡದಲ್ಲಿ ತಮ್ಮ ಲೆಕ್ಕ ಒಪ್ಪಿಸಿದರು. ಬೆಳಿಗ್ಗೆ ಗೂಡಿಗೆ ಹಣ ಕೊಡಬೇಕು, ನೂಲಿನ ದರ ನಾಳೆ ಏನೋ ಗೊತ್ತಿಲ್ಲ. ಪಕ್ಕದಲ್ಲಿ ಸ್ವಯಂಚಾಲಿತ ಯಂತ್ರ ಬಂದರೆ ಆ ಯಂತ್ರಕ್ಕೆ ಒಳ್ಳೆಯ ಬಿಳಿ ಗೂಡೇ ಬೇಕು, ಹರಾಜಿನಲ್ಲಿ ಅದರ ಮಾಲೀಕನೊಂದಿಗೆ ಪೈಪೋಟಿ ಆಗದು. 'ಭಾಯ್, ಮಿಷಿನ್ನೂ ಚೀನಾದ್ದೇ, ನಮ್ಮ ರೇಟು ಬೀಳ್ಸೋದೂ ಚೀನಾನೇ' ಎಂದು ನಕ್ಕರು. ಆ ನಗುವಿನ ಹಿಂದೆ ಇತಿಹಾಸವಿದೆ. 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಇಲ್ಲಿ ಗೂಡಿನ ಬೆಲೆ ಕುಸಿಯಿತು. ದೆಹಲಿಯಲ್ಲಿ ಓದಿದ ಒಂದು ಸಾಲು ಮಾಗಡಿಯ ಹುಳು ಮನೆಗೆ ಬಂದು ತಲುಪಿದ ಬಗೆಯನ್ನು ಯಾವ ಅರ್ಥಶಾಸ್ತ್ರದ ಪಾಠವೂ ಇಷ್ಟು ಚೆನ್ನಾಗಿ ಹೇಳಲಾರದು.

ಊರೂ ಬದಲಾಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರವನ್ನು ಪಕ್ಕಕ್ಕೆ ಬಿಟ್ಟು ಹೋಗಿದೆ. ಕಾರಿನವರ ನಿಲುಗಡೆ ನಂಬಿದ್ದ ಹಳೇ ರಸ್ತೆಯ ಹೋಟೆಲು, ಅಂಗಡಿಗಳಿಗೆ ಅದು ಪೆಟ್ಟು. 2025ರಲ್ಲಿ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣ ಆಯಿತು. ಸೈಟಿನ ಬೆಲೆ ಏರುತ್ತದೆಂದು ಖುಷಿಪಟ್ಟವರುಂಟು. ಹಿಪ್ಪುನೇರಳೆ ತೋಟ ಉಳಿಯುತ್ತದೆಯೇ ಎಂದು ಕೇಳಿದರೆ ಅವರೇ ಮಾತು ಬದಲಿಸುತ್ತಾರೆ.

ಮಾರುಕಟ್ಟೆಗೆ ಮರಳಿ ಬಂದಾಗ ಮಾಗಡಿ ಕಡೆಯ ಆ ಹಿರಿಯರು ಇನ್ನೂ ತಟ್ಟೆಯ ಪಕ್ಕದಲ್ಲೇ ಇದ್ದರು. ಮೊದಲ ಸುತ್ತಿನ ದರ ಬೇಡವೆಂದಿದ್ದರಂತೆ. ಎರಡನೆಯದರಲ್ಲಿ ಕಿಲೋಗೆ ಹತ್ತೇ ರೂಪಾಯಿ ಏರಿತ್ತು. 'ಕೊಟ್ಬುಡಾನ ಬುಡಪ್ಪ, ಬಿಸಿಲು ಏರ್ತಾ ಅದೆ' ಎಂದರು ಮಗನಿಗೆ. ಅವನು ಒಪ್ಪಿಗೆ ಕೊಟ್ಟ. ಹಮಾಲರು ತೂಕಕ್ಕೆ ಹೊತ್ತರು.

ಈ ಬೆಳೆಯಲ್ಲಿ ಉಳಿಯಿತೇ ಎಂದು ಕೇಳಿದೆ. ಗೊಬ್ಬರ, ಆಳು, ಚಾಕಿ ಎನ್ನುವ ಎಳೆ ಹುಳುವಿನ ದುಡ್ಡು ಕಳೆದು ನೋಡಬೇಕು ಎಂದರು. ಹಾಗಾದರೆ ಮುಂದಿನ ಬೆಳೆಗೆ ಸ್ವಲ್ಪ ಬಿಡುವು ಕೊಡುತ್ತೀರಾ ಎಂದೆ.

'ಎಲ್ಲಿ ಬುಡುವು? ನೂರೈವತ್ತು ಮೊಟ್ಟೆಗೆ ಚಾಕಿ ಹೇಳಾಗದೆ, ಸೋಮವಾರ ಬತ್ತದೆ. ತೋಟದಲ್ಲಿ ಸೊಪ್ಪು ನಿಂತದೆ ಸ್ವಾಮಿ, ಬುಟ್ರೆ ಬಲ್ತೋಯ್ತದೆ.'