ಹಳದಿ ಹೊದಿಕೆಯೊಳಗೆ ಕಪ್ಪು ಪುಡಿ

ಮಳೆಗಾಲದ ಒಂದು ಬೆಳಗ್ಗೆ ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಅಂಗೈಯಗಲದ ಹಳದಿ ಲೋಳೆ. ಯಾರೋ ಮೊಟ್ಟೆ ಒಡೆದು ಸುರಿದ ಹಾಗಿತ್ತು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, “ಗಿಡಕ್ಕೆ ರೋಗ ಬಂದಿದೆ ಕಣೋ, ಕುಂಡ ಸಮೇತ ಎಸೆದುಬಿಡು” ಅಂದರು. ಆ ಗಿಡ ಅವರೇ ಊರಿಂದ ತಂದು ನೆಟ್ಟಿದ್ದು. ಎಸೆಯೋಕೆ ಮನಸ್ಸು ಬರಲಿಲ್ಲ. ಅದೇನು ಅಂತ ಮೊದಲು ತಿಳಿಯೋಣ ಅಂತ ಓದೋಕೆ ಕೂತೆ.

ಅದು ಸ್ಲೈಮ್ ಮೋಲ್ಡ್. ಹೆಸರಲ್ಲಿ ಮೋಲ್ಡ್ ಇದ್ದರೂ ಬೂಷ್ಟು ಅಲ್ಲ, ಅಣಬೆಯೂ ಅಲ್ಲ, ಅಮೀಬಾದ ಬಳಗ. ಬೀಜಕ ಒಡೆದಾಗ ಹೊರಬರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶ. ಅಂಥ ಎರಡು ಕೂಡಿ ಒಂದಾದ ಮೇಲೆ ಬೆಳೆಯುತ್ತಾ ಹೋಗುತ್ತೆ. ಆದರೆ ಕೋಶ ಎರಡಾಗಲ್ಲ, ಒಳಗಿನ ಕೋಶಕೇಂದ್ರಗಳಷ್ಟೇ ಹೆಚ್ಚುತ್ತವೆ. ಅಂದರೆ ನನ್ನ ಕುಂಡದಲ್ಲಿದ್ದ ಅಷ್ಟೂ ಲೋಳೆ ಒಂದೇ ಜೀವಕೋಶ! ತೆವಳುತ್ತಾ ಬ್ಯಾಕ್ಟೀರಿಯಾ ತಿನ್ನುತ್ತೆ. ಗಿಡದ ತಂಟೆಗೆ ಹೋಗಲ್ಲ.

ಹಳದಿ ಲೋಳೆಗಳಲ್ಲಿ ಹಲವು ಜಾತಿಗಳಿವೆ. ಇದು ಯಾವುದು? ಎರಡು ದಿನದಲ್ಲಿ ಅದು ಒಣಗಿ ಮೇಲೆ ತೆಳು ಹೊಪ್ಪಳೆ ಕಟ್ಟಿತು. ಕಡ್ಡಿಯಿಂದ ಮೆಲ್ಲಗೆ ಕೆರೆದರೆ ಒಳಗೆ ಕಪ್ಪು ಪುಡಿ. ಅದೇ ಬೀಜಕಗಳ ರಾಶಿ. ಫುಲಿಗೋ ಸೆಪ್ಟಿಕಾ ಅಂತ ಆಗ ಗೊತ್ತಾಯಿತು.

ಇವುಗಳ ಹೊರಬಣ್ಣ ಬಲಿಯುತ್ತಾ ಬದಲಾಗುತ್ತೆ. ಹಾಗಾಗಿ 1870ರ ದಶಕದಲ್ಲೇ ಪೋಲೆಂಡಿನ ಸಸ್ಯವಿಜ್ಞಾನಿ ಯೂಜೆಫ್ ರೊಸ್ತಾಫಿನ್ಸ್ಕಿ ಬೀಜಕದ ಬಣ್ಣ ನೋಡಿ ಇವನ್ನು ಎರಡು ದೊಡ್ಡ ಗುಂಪು ಮಾಡಿದ: ಗಾಢ ಬಣ್ಣದವು, ತಿಳಿ ಬಣ್ಣದವು. ಇಂದಿನ ಡಿಎನ್‌ಎ ಅಧ್ಯಯನಗಳೂ ಆ ಗೆರೆಯನ್ನು ಬಹುಮಟ್ಟಿಗೆ ಒಪ್ಪಿವೆ. ಗಾಢ ಬೀಜಕಗಳ ಗೋಡೆಯಲ್ಲಿರುವುದು ಮೆಲನಿನ್. ನಮ್ಮ ಕೂದಲಿಗೆ ಕಪ್ಪು ಕೊಡುವ ವಸ್ತುವಿನ ಬಳಗವೇ. ಕೊಳೆತ ಮರದ ಮೇಲೆ ಗುಲಾಬಿ ಮಣಿಗಳಂತೆ ಮೂಡುವ ಲೈಕೋಗಾಲಾ ಇದಕ್ಕೆ ಉಲ್ಟಾ. ಬಲಿತಾಗ ಹೊರಗೆ ಕಂದುಬಣ್ಣ, ಆದರೆ ಒಳಗಿನ ಪುಡಿ ತಿಳಿ.

ನಿಮ್ಮ ಕುಂಡದಲ್ಲೂ ಕಂಡರೆ ಗಾಬರಿ ಬೇಡ. ಆದರೆ ಒಣಗಿದ್ದನ್ನು ಊದಬೇಡಿ, ಕೊಡವಬೇಡಿ. ಅಲರ್ಜಿ, ಅಸ್ತಮಾ ಇರುವವರಿಗೆ ಆ ಪುಡಿ ತೊಂದರೆ ಕೊಡಬಹುದು. ನಾನು ನೀರು ಚಿಮುಕಿಸಿ, ಮೇಲಿನ ಮಣ್ಣಿನ ಸಮೇತ ಎತ್ತಿ ಹಾಕಿದೆ.

ಮೊನ್ನೆ ಅಮ್ಮ ಬಂದಿದ್ದರು. ಸಾರಿನ ಒಗ್ಗರಣೆಗೆ ಅದೇ ಗಿಡದಿಂದ ನಾಲ್ಕು ಎಸಳು ಕಿತ್ತುಕೊಂಡರು.