ಕೋಗಾರ ಘಾಟಿ: ಸೈಕಲ್ಲಿಗೂ ಒಂದು ಬೆಳಗು ಇರಲಿ

ಭಟ್ಕಳದಿಂದ ಕೋಗಾರ ಘಾಟಿಯೇರಿ ಜೋಗದತ್ತ ಸಾಗುವ ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿಯುವುದು ನನಗೆ ಪ್ರಿಯ. ಕಡಿದಾದ ತಿರುವುಗಳಲ್ಲಿ ಇಳಿದು ತಳ್ಳುತ್ತೇನೆ. ಕಾಡು ಕಣ್ತುಂಬ ಕಾಣುವುದು ಆಗಲೇ. ಆದರೆ ಹಿಂದಿನಿಂದ ಕಾರೊಂದು ಬಂದರೆ ಚರಂಡಿಯೇ ಗತಿ.

ಹಾಗೆಂದು ಪ್ರತ್ಯೇಕ ಸೈಕಲ್ ಪಥ ಕಡಿಯುವುದನ್ನು ನಾನು ಒಪ್ಪಲಾರೆ. ಮರದಿಂದ ಮರಕ್ಕೆ ಸಾಗಿ ಬದುಕುವ ಸಿಂಗಳೀಕಕ್ಕೆ ಕಾಡಿನ ಚಾವಣಿ ಹರಿಯಬಾರದು. ಅದಕ್ಕಾಗಿಯೇ 2019ರಲ್ಲಿ ಶರಾವತಿ ಕಣಿವೆಯಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಇರುವ ಆಸ್ತಿಯನ್ನು ಸರಿಯಾಗಿ ಬಳಸದೆ ಹೊಸದನ್ನು ನಿರ್ಮಿಸುವುದು ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಅಪವ್ಯಯವೇ.

ಭಾನುವಾರ ಬೆಳಿಗ್ಗೆ ಒಂಬತ್ತರವರೆಗೆ ಪ್ರವಾಸಿ ಕಾರುಗಳು ಹೊನ್ನಾವರ-ಗೇರುಸೊಪ್ಪೆ ಹೆದ್ದಾರಿಯಲ್ಲಿ ಜೋಗಕ್ಕೆ ಹೋಗಲಿ. ಬಸ್ಸು, ಆಂಬುಲೆನ್ಸ್, ಊರವರ ವಾಹನಗಳಿಗೆ ವಿನಾಯಿತಿ ಇರಲಿ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲಾಡಳಿತಗಳ ಜಂಟಿ ಆದೇಶವೊಂದು ಸಾಕು. ಒಂದು ಮರವೂ ಉರುಳಬೇಕಿಲ್ಲ.